ಗುಡುಗುಮೋಡದೊಳಗಿನ ಕಾಣದ ಕಿರಣಗಳು

(ಬೆಟ್ಟಸೀಮೆಯ ಹಳ್ಳಿಗರು ಮತ್ತು ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಭರಣಿ, ಕೃತ್ತಿಕೆ ಮಳೆಗಳ ಗುಡುಗು ಸಿಡಿಲನ್ನು ಬೆಟ್ಟದ ಜನರಿಗೆ ಯಾರೂ ಪರಿಚಯಿಸಬೇಕಾಗಿಲ್ಲ. ಸೀಳಿದ ಮರ, ಕೊಟ್ಟಿಗೆಯಲ್ಲಿ ಸತ್ತ ದನ, ಗದ್ದೆಯಿಂದ ಮರಳಿ ಬಾರದ ಮನುಷ್ಯ ಇವೆಲ್ಲವೂ ನಮ್ಮ ಊರುಗಳ ನೆನಪಿನಲ್ಲಿವೆ. ಆದರೆ ಕಣ್ಣಿಗೆ ಕಾಣುವ ಬೆಳಕು ಮತ್ತು ಕಿವಿಗೆ ಕೇಳುವ ಸದ್ದಿನ ಜೊತೆಗೆ ಗುಡುಗುಮೋಡವು ಕ್ಷ-ಕಿರಣಗಳನ್ನೂ ಗಾಮಾ ಕಿರಣಗಳನ್ನೂ ಹೊಮ್ಮಿಸುತ್ತದೆ ಎಂಬುದು ಕಳೆದ ಮೂರು ದಶಕಗಳಲ್ಲಷ್ಟೇ ನಿಸ್ಸಂದೇಹವಾಗಿ ತಿಳಿದುಬಂದ ಸಂಗತಿ. ವಿಕಿರಣ ಎಂಬ ಮಾತು ಕಿವಿಗೆ ಬಿದ್ದೊಡನೆ ಭಯ ಹುಟ್ಟುವುದು ಸಹಜ. ಆ ಭಯ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ವಿವೇಚಿಸುವುದೇ ಈ ಮಾತುಗಳ ಉದ್ದೇಶ.

ಈ ವಿಚಾರದ ಮೂಲದಲ್ಲಿಯೂ ಒಂದು ಬೆಟ್ಟವಿದೆ. ಸ್ಕಾಟ್‌ಲೆಂಡಿನ ಸಿ.ಟಿ.ಆರ್. ವಿಲ್ಸನ್ 1894ರಲ್ಲಿ ಬೆನ್ ನೆವಿಸ್ ಶಿಖರದ ವೀಕ್ಷಣಾಲಯದಲ್ಲಿದ್ದು ಮೋಡಗಳನ್ನು ಗಮನಿಸಿದರು. ಮುಂದೆ ಅವರು ಅದೃಶ್ಯ ಕಣಗಳ ಜಾಡನ್ನು ತೋರಿಸುವ ಮೋಡಕೋಠಿಯನ್ನು ನಿರ್ಮಿಸಿ 1927ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಗುಡುಗುಮೋಡದ ವಿದ್ಯುತ್ ಕ್ಷೇತ್ರವು ಎಲೆಕ್ಟ್ರಾನುಗಳನ್ನು ಅತಿವೇಗಕ್ಕೆ ಏರಿಸಬಲ್ಲದು ಎಂದು ಅವರು 1925ರಲ್ಲೇ ಸೂಚಿಸಿದ್ದರು.

ಅದು ಹೇಗೆ? ಮೋಡದೊಳಗೆ ಹಗುರವಾದ ಹಿಮಹರಳುಗಳೂ ಭಾರವಾದ ಆಲಿಕಲ್ಲಿನ ಕಾಳುಗಳೂ ಉಜ್ಜಾಡುತ್ತವೆ. ಸಾಮಾನ್ಯವಾಗಿ ಹರಳುಗಳು ಧನವಿದ್ಯುತ್ತನ್ನು ಹೊತ್ತು ಮೇಲೇರುತ್ತವೆ, ಕಾಳುಗಳು ಋಣವಿದ್ಯುತ್ತಿನೊಡನೆ ಕೆಳಗುಳಿಯುತ್ತವೆ. ಇವೆರಡರ ನಡುವೆ ಪ್ರಬಲವಾದ ವಿದ್ಯುತ್ ಕ್ಷೇತ್ರ ಏರ್ಪಡುತ್ತದೆ. ಬಾಹ್ಯಾಕಾಶದಿಂದ ಸದಾ ಬರುತ್ತಿರುವ ವಿಶ್ವಕಿರಣಗಳು ಅಲ್ಲಿ ಕೆಲವು ವೇಗದ ಎಲೆಕ್ಟ್ರಾನುಗಳನ್ನು ಬಿಡುತ್ತವೆ. ಗಾಳಿಯ ಕಣಗಳು ಅವುಗಳ ಓಟವನ್ನು ತಡೆಯುತ್ತವಾದರೂ, ವೇಗ ಒಂದು ಮಿತಿಯನ್ನು ದಾಟಿದ ಮೇಲೆ ಕ್ಷೇತ್ರದ ಸೆಳೆತವು ಗಾಳಿಯ ತಡೆಯನ್ನು ಮೀರಿಸುತ್ತದೆ. ಗುಡ್ಡದ ಇಳಿಜಾರಿನಲ್ಲಿ ಉರುಳಿದ ಒಂದು ಬಂಡೆ ಹಲವು ಕಲ್ಲುಗಳನ್ನು ಎಬ್ಬಿಸಿಕೊಂಡು ಹೋಗುವಂತೆ, ಒಂದು ಎಲೆಕ್ಟ್ರಾನು ಅನೇಕ ಎಲೆಕ್ಟ್ರಾನುಗಳನ್ನು ಬಡಿದೆಬ್ಬಿಸುತ್ತದೆ. ಇವು ಪರಮಾಣುಗಳ ನ್ಯೂಕ್ಲಿಯಸ್ಸಿನ ಬಳಿ ಸಾಗುವಾಗ ದಿಕ್ಕು ಬದಲಿಸಿ ಗಾಮಾ ಕಿರಣಗಳನ್ನು ಹೊರಸೂಸುತ್ತವೆ.

ದೂರದ ಆಕಾಶಕಾಯಗಳನ್ನು ನೋಡಲೆಂದು 1991ರಲ್ಲಿ ಹಾರಿಬಿಟ್ಟ ಕಾಂಪ್ಟನ್ ಉಪಗ್ರಹವು, ಕೆಳಗಿನ ಭೂಮಿಯ ಕಡೆಯಿಂದಲೇ ಕ್ಷಣದ ಸಾವಿರದಲ್ಲೊಂದೆರಡು ಪಾಲಿನಷ್ಟು ಹೊತ್ತು ಮಿನುಗುವ ಗಾಮಾ ಹೊಳಪುಗಳನ್ನು ದಾಖಲಿಸಿತು. 1994ರಲ್ಲಿ ಈ ವಿಷಯ ಪ್ರಕಟವಾದಾಗ ವಿಜ್ಞಾನಿಗಳೇ ಬೆರಗಾದರು. 2023ರಲ್ಲಿ ನಾಸಾದ ವಿಮಾನವೊಂದು ಸುಮಾರು 20 ಕಿಲೋಮೀಟರ್ ಎತ್ತರದಲ್ಲಿ ಉಷ್ಣವಲಯದ ಗುಡುಗುಮೋಡಗಳ ಮೇಲೆ ಹಾರಾಡಿತು. ಇಂಥ ಹೊಮ್ಮುವಿಕೆ ಎಣಿಸಿದ್ದಕ್ಕಿಂತ ಎಷ್ಟೋ ಸಾಮಾನ್ಯವೆಂಬುದು 2024ರಲ್ಲಿ ಪ್ರಕಟವಾದ ಅದರ ಫಲಿತಾಂಶಗಳಿಂದ ತಿಳಿಯಿತು.

ನಮ್ಮದೇ ಪಶ್ಚಿಮಘಟ್ಟದ ಸಾಲಿನ ನೀಲಗಿರಿಯಲ್ಲಿಯೂ ಮಹತ್ತ್ವದ ಕೆಲಸ ನಡೆದಿದೆ. ಊಟಿಯಲ್ಲಿ, ಸುಮಾರು 2,200 ಮೀಟರ್ ಎತ್ತರದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗ್ರೇಪ್ಸ್-3 ಎಂಬ ವೀಕ್ಷಣಾಲಯವಿದೆ. ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಮ್ಯುಯಾನ್ ಎಂಬ ಕಣಗಳನ್ನು ಅಲ್ಲಿ ದಿನಕ್ಕೆ ಸುಮಾರು 400 ಕೋಟಿಯಷ್ಟು ಎಣಿಸಲಾಗುತ್ತದೆ. ಮ್ಯುಯಾನುಗಳಲ್ಲಿ ಧನ, ಋಣ ಎರಡೂ ಬಗೆಗಳಿದ್ದು, ಧನದವು ತುಸು ಹೆಚ್ಚು. ಮೋಡದ ವಿದ್ಯುತ್ ಕ್ಷೇತ್ರವು ಒಂದು ಬಗೆಯದನ್ನು ನೂಕಿ, ಇನ್ನೊಂದನ್ನು ತಡೆಯುತ್ತದೆ. ಆದ್ದರಿಂದ ಒಟ್ಟು ಎಣಿಕೆಯಲ್ಲಿ ಸೂಕ್ಷ್ಮವಾದ ಏರುಪೇರು ಕಾಣುತ್ತದೆ. 2014ರ ಡಿಸೆಂಬರ್ 1ರಂದು ಹಾದುಹೋದ ಒಂದು ಮೋಡದ ಅಡಿಯಲ್ಲಿ ಎಣಿಕೆ ಹದಿನೆಂಟು ನಿಮಿಷಗಳ ಕಾಲ ಸುಮಾರು ಶೇಕಡಾ 2ರಷ್ಟು ಕುಸಿಯಿತು. ಅದರ ಆಧಾರದ ಮೇಲೆ ಆ ಮೋಡದಲ್ಲಿದ್ದ ವಿದ್ಯುತ್ ವಿಭವ 130 ಕೋಟಿ ವೋಲ್ಟ್ ಎಂದು ಲೆಕ್ಕಹಾಕಿ 2019ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ಬಲೂನುಗಳಿಂದ ಅಳೆದಿದ್ದ ಗರಿಷ್ಠ ಪ್ರಮಾಣ ಇದರ ಹತ್ತನೆಯ ಒಂದು ಪಾಲು ಮಾತ್ರ.

ಹಾಗಾದರೆ ನಮ್ಮ ನೆತ್ತಿಯ ಮೇಲೆ ಗಾಮಾ ಕಿರಣಗಳು ಸುರಿಯುತ್ತಿವೆಯೇ? ವಾಯುಮಂಡಲವೇ ನಮಗೆ ಗುರಾಣಿ. ಕೆಲವು ನೂರು ಮೀಟರ್ ಗಾಳಿಯನ್ನು ಹಾಯುವಷ್ಟರಲ್ಲಿ ಈ ಕಿರಣಗಳ ಬಹುಪಾಲು ಅಡಗಿಹೋಗುತ್ತದೆ. ಅದಕ್ಕಾಗಿಯೇ ಇವುಗಳನ್ನು ನೆಲದ ಮೇಲೆ ಅಭ್ಯಸಿಸುವವರು ಆರ್ಮೇನಿಯಾದ ಅರಗಾತ್ಸ್‌ನಂಥ 3,200 ಮೀಟರ್ ಎತ್ತರದ ತಾಣಗಳನ್ನೋ, ಚಳಿಗಾಲದ ಮೋಡಗಳು ತೀರ ತಗ್ಗಿನಲ್ಲಿ ತೇಲುವ ಜಪಾನಿನ ಪಶ್ಚಿಮ ಕರಾವಳಿಯನ್ನೋ ಆರಿಸಿಕೊಳ್ಳುತ್ತಾರೆ. ಆ ಕರಾವಳಿಯ ಕಾಶಿವಝಾಕಿಯಲ್ಲಿ 2017ರ ಫೆಬ್ರವರಿ 6ರಂದು ಬಡಿದ ಸಿಡಿಲೊಂದು ಗಾಳಿಯ ನೈಟ್ರೋಜನ್ನಿನ ನ್ಯೂಕ್ಲಿಯಸ್ಸುಗಳನ್ನೇ ಒಡೆಯಿತು ಎಂಬುದಕ್ಕೆ ಖಚಿತ ಪುರಾವೆ ದೊರೆಯಿತು. ಸಾಮಾನ್ಯ ಜನರ ವಂತಿಗೆಯೂ ಆ ಸಂಶೋಧನೆಗೆ ಒದಗಿತ್ತು ಎಂಬುದು ನಮ್ಮಂಥ ಸಂಘಟನೆಗಳು ಗಮನಿಸಬೇಕಾದ ಅಂಶ.

ಸಿಡಿಲೂ ಪರಮಾಣುವಿನ ನ್ಯೂಕ್ಲಿಯಸ್ಸನ್ನು ಒಡೆಯುತ್ತದೆ ಎಂದಾದರೆ ಅಣುಸ್ಥಾವರಗಳ ಬಗ್ಗೆ ಏಕೆ ಗೊಣಗಬೇಕು ಎಂದು ಕೆಲವರು ಕೇಳಬಹುದು. ಕೈಗಾದ ಚರ್ಚೆಯನ್ನು ಕಂಡ ನಾವು ಇದಕ್ಕೆ ಸಿಟ್ಟಿನಿಂದಲ್ಲ, ಲೆಕ್ಕದಿಂದ ಉತ್ತರಿಸಬೇಕು. ಸಿಡಿಲು ಉಂಟುಮಾಡುವ ನೈಟ್ರೋಜನ್-13 ಹತ್ತು ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಅದು ಒಂದು ಹಗಲು ಕಳೆಯುವುದರೊಳಗೆ ಇಲ್ಲವಾಗುತ್ತದೆ. ಸ್ಥಾವರದ ಇಂಧನದಲ್ಲಿ ಹುಟ್ಟುವ ಪ್ಲುಟೋನಿಯಂ-239 ಅರ್ಧಕ್ಕಿಳಿಯಲು ಸುಮಾರು 24,000 ವರ್ಷಗಳು ಬೇಕು. ವಿಕಿರಣವು ಪ್ರಕೃತಿಯಲ್ಲಿಯೂ ಇದೆ ಎಂಬುದು ನಿಜ. ಆದರೆ ಯಾವುದು, ಎಷ್ಟು, ಎಷ್ಟು ಕಾಲ ಎಂಬ ಪ್ರಶ್ನೆಗಳನ್ನು ಆ ನಿಜವು ಅಳಿಸಿಹಾಕಲಾರದು. ಅದೇ ರೀತಿ, ವಿಕಿರಣ ಎಂಬ ಹೆಸರನ್ನಷ್ಟೇ ಹಿಡಿದು ಜನರನ್ನು ಬೆದರಿಸುವ ಕೆಲಸವನ್ನು ನಾವೂ ಮಾಡಕೂಡದು.

ಏಕೆಂದರೆ ಸಿಡಿಲಿನಲ್ಲಿ ನಮ್ಮನ್ನು ಕೊಲ್ಲುವುದು ಗಾಮಾ ಕಿರಣವಲ್ಲ, ವಿದ್ಯುತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ಭಾರತದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಗುಡುಗು ಕೇಳಿದೊಡನೆ ಬಯಲು, ದಿಣ್ಣೆ, ಕೆರೆಯ ನೀರನ್ನು ಬಿಟ್ಟು ಭದ್ರವಾದ ಮನೆಯೊಳಗೆ ಸೇರಬೇಕು. ಮರದಡಿ ಎಂದಿಗೂ ನಿಲ್ಲಕೂಡದು. ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಹೊರಬರಕೂಡದು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಅವರನ್ನು ಮುಟ್ಟಲು ಅಂಜದೆ, ಉಸಿರು ನಿಂತಿದ್ದರೆ ಕೂಡಲೇ ಎದೆಯೊತ್ತಿ, ಬಾಯಿಂದ ಉಸಿರು ಕೊಟ್ಟು ಆಸ್ಪತ್ರೆಗೆ ಸಾಗಿಸಬೇಕು. ಈ ಅಂಜಿಕೆಯೊಂದು ನೀಗಿದರೂ ಒಂದು ಜೀವ ಉಳಿದೀತು.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಊರಿನಲ್ಲಿ ಗುಡುಗಿದ ದಿನ, ಹೊತ್ತು, ಸಿಡಿಲು ಬಿದ್ದ ಜಾಗ, ಆದ ಹಾನಿ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಊಟಿಯ ಉಪಕರಣಗಳು ನಮ್ಮಲ್ಲಿಲ್ಲ, ನಿಜ. ಆದರೆ ತಾಳ್ಮೆಯ ಎಣಿಕೆಗೆ ಸೀಸದಕಡ್ಡಿಯೂ ಸಾಕು. ಹತ್ತು ವರ್ಷಗಳ ಅಂಥ ದಾಖಲೆಯಿದ್ದರೆ ಯಾವ ಗುಡ್ಡದಲ್ಲಿ ಯಾವ ತಿಂಗಳು ಎಚ್ಚರ ಬೇಕೆಂಬುದನ್ನು ಆ ಊರಿನವರೇ ಹೇಳಬಲ್ಲರು.