ಒರೆಗೆ ಹಚ್ಚಿದ ಮಾತು



ಗುರುವಿನ ಮಾತನ್ನು ಶಿಷ್ಯನು ಪರೀಕ್ಷಿಸಬಹುದೇ? ಪರೀಕ್ಷಿಸಿದರೆ ಗುರುವಿಗೆ ಅಗೌರವ ತೋರಿದಂತಾಗುವುದಿಲ್ಲವೇ? ಮನೆಯಲ್ಲಿ ಮಗ ಒಂದು ಪ್ರಶ್ನೆ ಕೇಳಿದರೆ, "ಹಿರಿಯರಿಗೆ ಎದುರು ಮಾತಾಡಬೇಡ" ಎಂದು ಬಾಯಿ ಮುಚ್ಚಿಸುತ್ತೇವೆ. ಕೇಳುವುದೆಲ್ಲ ಎದುರು ಮಾತೇ? ಇದಕ್ಕೆ ಉತ್ತರವನ್ನು ನಾವು ಇಂದು ಪರಮಾಣುವಿನ ಕಥೆಯಲ್ಲಿ ಹುಡುಕೋಣ.

ಒಂದು ಉಪ್ಪಿನ ಹರಳನ್ನು ಒಡೆಯಿರಿ. ಚೂರನ್ನು ಮತ್ತೆ ಒಡೆಯಿರಿ. ಹೀಗೆ ಒಡೆಯುತ್ತ ಹೋದರೆ ಕೊನೆ ಎಲ್ಲಿ? ಈ ಪ್ರಶ್ನೆ ಬಹಳ ಹಳೆಯದು. ನಮ್ಮ ದೇಶದಲ್ಲಿ ಕಣಾದನ ವೈಶೇಷಿಕ ದರ್ಶನವು ಒಡೆಯಲಾಗದ ಕೊನೆಯ ಕಣವನ್ನು ಪರಮಾಣುವೆಂದಿತು. ಗ್ರೀಸ್ ದೇಶದಲ್ಲಿ ಡೆಮಾಕ್ರಿಟಸ್ ಅಂಥದೇ ಮಾತನ್ನು ಹೇಳಿದ. ಇಬ್ಬರದೂ ದೊಡ್ಡ ವಿಚಾರವೇ. ಆದರೆ ಅದು ತರ್ಕದಿಂದ ಕಂಡದ್ದು. ತೂಗಿ ಅಳೆದು ತೋರಿಸಿದ್ದಲ್ಲ. "ಎಲ್ಲವೂ ನಮ್ಮ ಹಿರಿಯರಿಗೆ ತಿಳಿದಿತ್ತು" ಎಂದು ಕೈಕಟ್ಟಿ ಕುಳಿತರೆ ಹಿರಿಯರಿಗೆ ಗೌರವ ಬಂದಂತಲ್ಲ. ಅವರು ಕೇಳಿದ ಪ್ರಶ್ನೆಯನ್ನು ಅಲ್ಲಿಯೇ ನಿಲ್ಲಿಸಿದಂತೆ.

ತೂಗಿ ನೋಡಿದವನು ಇಂಗ್ಲೆಂಡಿನ ಜಾನ್ ಡಾಲ್ಟನ್. ನೇಕಾರನ ಮಗ. 12ನೆಯ ವಯಸ್ಸಿಗೇ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳತೊಡಗಿದವನು. ಇದ್ದಿಲಿನ ತತ್ತ್ವವಾದ ಇಂಗಾಲವು ಆಮ್ಲಜನಕದೊಡನೆ ಕೂಡಿ ಎರಡು ಬಗೆಯ ಅನಿಲಗಳಾಗುತ್ತದೆ. ಅಷ್ಟೇ ತೂಕದ ಇಂಗಾಲಕ್ಕೆ ಒಂದರಲ್ಲಿ ಸೇರಿದ ಆಮ್ಲಜನಕದ ಸರಿಯಾಗಿ ಎರಡು ಪಟ್ಟು ಇನ್ನೊಂದರಲ್ಲಿ ಸೇರುತ್ತದೆ. ಒಂದೂವರೆ ಅಲ್ಲ, ಒಂದೂಮುಕ್ಕಾಲಲ್ಲ. ಏಕೆ? ವಸ್ತುಗಳು ಬಿಡಿಬಿಡಿ ಕಣಗಳಾಗಿಯೇ ಕೂಡುತ್ತವೆ ಎಂದು ಡಾಲ್ಟನ್ ಹೇಳಿದ. 1808ರಲ್ಲಿ ಅವನ ಗ್ರಂಥ ಹೊರಬಂದಿತು. ಆ ಕಣವನ್ನು ಒಡೆಯಲಾಗದು ಎಂಬುದು ಅವನ ನಂಬಿಕೆ. ಸುಮಾರು ನೂರು ವರ್ಷ ಲೋಕವೂ ಹಾಗೆಯೇ ನಂಬಿತು.

1897ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಜೆ. ಜೆ. ಥಾಮ್ಸನ್ ಪರಮಾಣುವಿಗಿಂತಲೂ ಸಣ್ಣದಾದ ಕಣವೊಂದನ್ನು ಕಂಡರು. ಅದೇ ಎಲೆಕ್ಟ್ರಾನ್. ಅತಿ ಹಗುರವಾದ ಜಲಜನಕದ ಪರಮಾಣುವಿನ ಮುಂದೆ ಅದರ ತೂಕ ಸುಮಾರು 1,800ರಲ್ಲಿ ಒಂದು ಪಾಲು. ಹಾಗಾದರೆ ಪರಮಾಣುವಿನ ಒಳಗು ಹೇಗಿದೆ? ಥಾಮ್ಸನ್ ಒಂದು ಚಿತ್ರ ಕೊಟ್ಟರು. ರವೆ ಉಂಡಿಯಲ್ಲಿ ಒಣದ್ರಾಕ್ಷಿ ಇರುವುದಿಲ್ಲವೇ? ಉಂಡಿಯ ತುಂಬ ಧನ ವಿದ್ಯುತ್ತು. ನಡುನಡುವೆ ದ್ರಾಕ್ಷಿಯಂತೆ ಎಲೆಕ್ಟ್ರಾನುಗಳು.

ಈ ಥಾಮ್ಸನ್ನರ ಬಳಿಗೆ 1895ರಲ್ಲಿ ದೂರದ ನ್ಯೂಜಿಲೆಂಡಿನಿಂದ ಬಂದ ಶಿಷ್ಯ ಅರ್ನೆಸ್ಟ್ ರುದರ್‌ಫರ್ಡ್. ಮುಂದೆ ಮ್ಯಾಂಚೆಸ್ಟರಿನಲ್ಲಿ ತಾನೇ ಗುರುವಾದ ಮೇಲೆ, 1909ರಲ್ಲಿ, ಗೈಗರ್ ಎಂಬ ಸಹಾಯಕನಿಗೂ ಮಾರ್ಸ್‌ಡನ್ ಎಂಬ ಇಪ್ಪತ್ತರ ವಿದ್ಯಾರ್ಥಿಗೂ ಒಂದು ಕೆಲಸ ಹಚ್ಚಿದರು. ಚಿನ್ನದಂಥ ಲೋಹದ ಬಲು ತೆಳುವಾದ ರೇಕಿನ ಮೇಲೆ ಆಲ್ಫಾ ಕಣಗಳನ್ನು ಬಿಡಬೇಕು. ಅವು ಹಿಂದಕ್ಕೆ ಪುಟಿಯುತ್ತವೆಯೇ ನೋಡಬೇಕು. ಕಣವು ಪರದೆಗೆ ತಾಗಿದಾಗ ಮಿಣುಕು ಬೆಳಕು ಕಾಣುತ್ತದೆ. ಕತ್ತಲೆ ಕೋಣೆಯಲ್ಲಿ ಕುಳಿತು, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಕಾದು, ಸೂಕ್ಷ್ಮದರ್ಶಕದಲ್ಲಿ ಆ ಮಿಣುಕುಗಳನ್ನು ಒಂದೊಂದಾಗಿ ಎಣಿಸಬೇಕು. ಅದೂ ಒಂದು ತಪಸ್ಸೇ ಅಲ್ಲವೇ?

ಗುರುಗಳ ಚಿತ್ರ ಸರಿಯಾಗಿದ್ದರೆ ಯಾವ ಕಣವೂ ಹಿಂದಕ್ಕೆ ಬರಕೂಡದು. ಹತ್ತಿಯ ರಾಶಿಗೆ ಹೊಡೆದ ಗುಂಡು ತಿರುಗಿ ಬಂದೀತೇ? ಆದರೆ ಬಂದಿತು! ಪ್ಲಾಟಿನಂ ತಗಡಿನಲ್ಲಿ ಎಣಿಸಿದಾಗ ಸುಮಾರು 8,000ಕ್ಕೆ ಒಂದರಂತೆ ಕಣಗಳು ಹಿಂದಕ್ಕೆ ಪುಟಿದಿದ್ದವು. ರುದರ್‌ಫರ್ಡ್ ಇದನ್ನು ಎರಡು ವರ್ಷ ಆಲೋಚಿಸಿದರು. 1911ರಲ್ಲಿ ಹೇಳಿದರು: ಪರಮಾಣು ಗಟ್ಟಿ ಉಂಡಿಯಲ್ಲ. ಅದರ ಧನ ವಿದ್ಯುತ್ತು, ಅದರ ತೂಕವೆಲ್ಲ, ನಟ್ಟನಡುವಿನ ಒಂದು ಕಿರಿಯ ಬೀಜದಲ್ಲಿದೆ. ಉಳಿದದ್ದು ಬಹುಪಾಲು ಬಯಲು. ಎಷ್ಟು ಬಯಲು? ಚಿನ್ನದ ಪರಮಾಣುವಿನ ಬೀಜವನ್ನು ಒಂದು ಸಾಸಿವೆ ಕಾಳೆಂದು ತಿಳಿಯಿರಿ. ಆಗ ಇಡೀ ಪರಮಾಣು ಸುಮಾರು 40 ಮೀಟರ್ ಅಗಲದ ಅಂಗಳವಾಗುತ್ತದೆ. ನಾವು ಗಟ್ಟಿಯೆಂದು ಮುಟ್ಟುವ ಕಲ್ಲೂ ಕಂಬವೂ ಒಳಗೆ ಹೀಗಿವೆ.

ಶಿಷ್ಯನ ಲೆಕ್ಕದಿಂದ ಗುರುವಿನ ಚಿತ್ರ ಅಳಿಸಿಹೋಯಿತು. ಮುಂದೇನಾಯಿತು? ಜಗಳವಾಯಿತೇ? 1919ರಲ್ಲಿ ಥಾಮ್ಸನ್ ಬಿಟ್ಟುಕೊಟ್ಟ ಕ್ಯಾವೆಂಡಿಶ್ ಪೀಠಕ್ಕೆ ಬಂದವರು ಇದೇ ರುದರ್‌ಫರ್ಡ್. ಇಬ್ಬರ ಅಸ್ಥಿಭಸ್ಮವೂ ಇಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ನ್ಯೂಟನ್ನನ ಸಮಾಧಿಯ ಸಮೀಪದಲ್ಲಿದೆ.

ರುದರ್‌ಫರ್ಡರ ಚಿತ್ರವೂ ಒರೆಗೆ ಹೋಗಲೇಬೇಕಾಯಿತು. ಬೀಜವನ್ನು ಸುತ್ತುವ ಎಲೆಕ್ಟ್ರಾನು ಬೆಳಕು ಸೂಸುತ್ತ ಶಕ್ತಿ ಕಳೆದುಕೊಂಡು ಕ್ಷಣಮಾತ್ರದಲ್ಲಿ ಬೀಜಕ್ಕೆ ಬೀಳಬೇಕಲ್ಲ? ಏಕೆ ಬೀಳುವುದಿಲ್ಲ? ಅವರ ಬಳಿ ಕಲಿಯಲು ಬಂದ ಡೆನ್ಮಾರ್ಕಿನ ನೀಲ್ಸ್ ಬೋರ್ 1913ರಲ್ಲಿ ಉತ್ತರ ಕೊಟ್ಟರು: ಎಲೆಕ್ಟ್ರಾನಿಗೆ ಗೊತ್ತಾದ ಕಕ್ಷೆಗಳಿವೆ. ಮೆಟ್ಟಿಲ ಮೇಲೆ ನಿಲ್ಲಬಹುದು. ಎರಡು ಮೆಟ್ಟಿಲ ನಡುವೆ ನಿಲ್ಲಲಾಗದು. ಮೇಲಿನಿಂದ ಕೆಳಗಿಳಿದಾಗ ಬೆಳಕು ಹೊರಡುತ್ತದೆ. ಜಲಜನಕದ ಬೆಳಕಿನ ಗೆರೆಗಳ ಲೆಕ್ಕ ಇದರಿಂದ ಸರಿಹೊಂದಿತು. ಆದರೆ ಬೋರರ ಕಕ್ಷೆಗಳೂ ಕೊನೆಯ ಮಾತಾಗಲಿಲ್ಲ. 1926ರಲ್ಲಿ ಶ್ರೋಡಿಂಗರ್ ಎಲೆಕ್ಟ್ರಾನನ್ನು ತರಂಗವೆಂದೇ ಬಗೆದು ಸಮೀಕರಣ ಬರೆದರು. ಮರುವರ್ಷವೇ ಎಲೆಕ್ಟ್ರಾನು ತರಂಗದಂತೆ ನಡೆಯುವುದನ್ನು ಪ್ರಯೋಗದಲ್ಲಿ ತೋರಿಸಿದವರಲ್ಲಿ ಒಬ್ಬರು ಯಾರು ಬಲ್ಲಿರಾ? ಜೆ. ಜೆ. ಥಾಮ್ಸನ್ನರ ಮಗ, ಜಿ. ಪಿ. ಥಾಮ್ಸನ್! ಎಲೆಕ್ಟ್ರಾನನ್ನು ಕಣವೆಂದು ತೋರಿಸಿದ ತಂದೆಗೆ 1906ರಲ್ಲಿ ನೊಬೆಲ್ ಪಾರಿತೋಷಕ. ತರಂಗವೆಂದು ತೋರಿಸಿದ ಮಗನಿಗೆ 1937ರಲ್ಲಿ. ಆಗ ತಂದೆ ಬದುಕಿದ್ದರು. ಇಬ್ಬರ ಮಾತೂ ಸತ್ಯ. ಮಗನ ಮಾತಿನಿಂದ ತಂದೆಯ ಮಾತು ಸುಳ್ಳಾಗಲಿಲ್ಲ, ತುಂಬಿಕೊಂಡಿತು.

1932ರಲ್ಲಿ ರುದರ್‌ಫರ್ಡರ ಶಿಷ್ಯ ಚಾಡ್ವಿಕ್ ಬೀಜದೊಳಗೆ ನ್ಯೂಟ್ರಾನನ್ನು ಕಂಡರು. ಗುರುಗಳು 1920ರಲ್ಲೇ ಅಂಥದೊಂದು ಕಣ ಇರಬಹುದೆಂದು ಹೇಳಿದ್ದರು. ಪರೀಕ್ಷೆಯಲ್ಲಿ ಗುರುವಿನ ಮಾತು ನಿಲ್ಲುವುದೂ ಉಂಟು. 1968ರ ಹೊತ್ತಿಗೆ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ರುದರ್‌ಫರ್ಡರ ಉಪಾಯದಿಂದಲೇ ಪ್ರೋಟಾನಿನೊಳಗೂ ಇಣುಕಿದರು: ಎಲೆಕ್ಟ್ರಾನುಗಳನ್ನು ಹೊಡೆದು, ಅವು ಹೇಗೆ ಪುಟಿಯುತ್ತವೆ ಎಂದು ನೋಡಿದರು. ಒಳಗೆ ಇನ್ನೂ ಕಿರಿಯ ಕಣಗಳಿದ್ದವು. ಅವೇ ಕ್ವಾರ್ಕುಗಳು.

ಈ ಕಥೆಯಿಂದ ನಾವು ಕಲಿಯುವುದೇನು? ಕೇಳುವ ಹಕ್ಕು ಸುಮ್ಮನೆ ಬರುವುದಿಲ್ಲ. ಮಾರ್ಸ್‌ಡನ್ ಗುರುಪರಂಪರೆಯನ್ನು ಜರೆಯಲಿಲ್ಲ. ಕತ್ತಲೆಯಲ್ಲಿ ಕುಳಿತು ಎಣಿಸಿದ. ದುಡಿಮೆಯಿಲ್ಲದ ಪ್ರಶ್ನೆ ಬರಿಯ ಬಾಯಿಮಾತು. ದುಡಿದು ಕೇಳಿದ ಪ್ರಶ್ನೆಯೇ ಗುರುವಿಗೆ ಸಲ್ಲುವ ಕಾಣಿಕೆ. ಹಾಗೆಯೇ ಹಿರಿಯರಾದ ನಮಗೂ ಒಂದು ಹೊಣೆಯಿದೆ. ಒರೆಗಲ್ಲಿಗೆ ಅಂಜುವುದು ಚಿನ್ನವಲ್ಲ, ಹಿತ್ತಾಳೆ. ನಾಳೆ ನಿಮ್ಮ ಮಗನೋ ಮಗಳೋ "ಇದು ಹೀಗೇಕೆ?" ಎಂದು ಕೇಳಿದರೆ ಗದರಿಸಬೇಡಿರಿ. "ಬಾ, ಕೂಡಿ ನೋಡೋಣ" ಎನ್ನಿರಿ. ಅಷ್ಟಾದರೆ ಇಂದು ನೀವು ಇಲ್ಲಿ ಕುಳಿತು ಕೇಳಿದ್ದು ಸಾರ್ಥಕ.