ಊರಿಗೆ ಎಷ್ಟು ದೂರ, ಎಷ್ಟು ಹೊತ್ತು?

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾವು ಬ್ಯಾಂಕಿನ ಗುಮಾಸ್ತರು. ನಾಡುನುಡಿಯ ಹಿರಿಮೆಯನ್ನು ಬಣ್ಣಿಸುವ ಪಾಂಡಿತ್ಯ ನಮಗಿಲ್ಲ. ಲೆಕ್ಕ ಒಪ್ಪಿಸುವುದಷ್ಟೇ ಗೊತ್ತು. ಆದುದರಿಂದ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿದ ನಮ್ಮೆಲ್ಲರಿಗೂ ಬೇಕಾದ ಒಂದು ಲೆಕ್ಕವನ್ನೇ ತಮ್ಮ ಮುಂದಿಡುತ್ತೇವೆ.

ಮುಂಬಯಿಯ ಹಳೆಯ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜಪೆಗೆ ನೇರ ಗೆರೆ ಎಳೆದರೆ ಸುಮಾರು 715 ಕಿಲೋಮೀಟರು. ಬೆಂಗಳೂರಿಗೆ ಸುಮಾರು 835. ವಿಮಾನದ ವೇಗ ಗಂಟೆಗೆ 800 ಕಿಲೋಮೀಟರೆಂದು ಹಿಡಿದರೆ ಮಂಗಳೂರಿಗೆ 54 ನಿಮಿಷ ಸಾಕು. ವೇಳಾಪಟ್ಟಿಯಲ್ಲಾದರೋ ಸುಮಾರು ಒಂದೂವರೆ ಗಂಟೆ ಎಂದಿರುತ್ತದೆ. ರನ್‌ವೇವರೆಗೆ ಸಾಗುವುದು, ಸರದಿ ಕಾಯುವುದು, ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆಯಿರುವುದು, ಇವೆಲ್ಲವೂ ಅದರಲ್ಲಿ ಸೇರಿವೆ.

ಇದು ವಿಮಾನದ ಲೆಕ್ಕವಾಯಿತು. ಮನೆಯ ಲೆಕ್ಕವೇ ಬೇರೆ.

ಒಂದು ರಾತ್ರಿ ಪುತ್ತೂರಿನಿಂದ ತಂದೆಯವರಿಗೆ ಜೋರಾಗಿದೆಯೆಂದು ಕರೆ ಬಂತು. ಬೆಳಗಿನ ಜಾವ 3 ಗಂಟೆಗೆ ನಾವು ದಂಪತಿಗಳು ಬಾಡಿಗೆ ಕಾರಿನಲ್ಲಿ ಡೊಂಬಿವಲಿ ಬಿಟ್ಟೆವು. ನಿಲ್ದಾಣಕ್ಕೆ ಒಂದೂಕಾಲು ಗಂಟೆ, ಅಲ್ಲಿ ಕಾದದ್ದು ಎರಡು ಗಂಟೆ, ವಿಮಾನದಲ್ಲಿ ಒಂದೂವರೆ, ಬಜಪೆಯಲ್ಲಿ ಸಾಮಾನಿಗೆ ಅರ್ಧ, ಪುತ್ತೂರಿಗೆ ಒಂದೂಮುಕ್ಕಾಲು. ಒಟ್ಟು 7 ಗಂಟೆ. ಅದರಲ್ಲಿ ಐದೂವರೆ ನೆಲದ ಮೇಲೆಯೇ ಕಳೆದವು. ಅಂಗಳಕ್ಕೆ ಕಾಲಿಟ್ಟಾಗ ತಂದೆಯವರು ತೀರಿಕೊಂಡು ಅರ್ಧ ಗಂಟೆಯಾಗಿತ್ತು.

ಹಿಂದಿನವರ ಕಷ್ಟ ಇದಕ್ಕಿಂತ ಹೆಚ್ಚಿನದು. ಬಜಪೆಯ ನಿಲ್ದಾಣ ತೆರೆದದ್ದು 1951ರ ಡಿಸೆಂಬರ್ 25ರಂದು. ಆ ದಿನ ಪ್ರಧಾನಿ ನೆಹರೂ ಅವರು ಡಕೋಟ ವಿಮಾನದಲ್ಲಿ ಬಂದಿಳಿದರು. ಆದರೆ ವಿಮಾನದ ಟಿಕೆಟು ಅಂದು ಸಾಮಾನ್ಯರ ಕೈಗೆಟುಕುವಂತಿರಲಿಲ್ಲ. ಕೊಂಕಣ ರೈಲುಮಾರ್ಗ ಪೂರ್ಣವಾದದ್ದು 1998ರಲ್ಲಿ. ಈಗ ಮಧ್ಯಾಹ್ನ ಥಾಣೆಯಲ್ಲಿ ಮತ್ಸ್ಯಗಂಧ ಹತ್ತಿದವರು ಮರುದಿನ ಬೆಳಿಗ್ಗೆ ಮಂಗಳೂರಿನಲ್ಲಿರುತ್ತಾರೆ.

ಬಜಪೆ ತೆರೆದು ಸರಿಯಾಗಿ 74 ವರ್ಷಗಳಿಗೆ, 2025ರ ಡಿಸೆಂಬರ್ 25ರಂದು, ನವಿಮುಂಬಯಿ ನಿಲ್ದಾಣದಲ್ಲಿ ಪ್ರಯಾಣಿಕರ ಸಂಚಾರ ಆರಂಭವಾಯಿತು. ಅಲ್ಲಿಗೆ ಬಂದ ಮೊದಲ ವಿಮಾನ ಬೆಂಗಳೂರಿನದೆಂಬುದು ನಮಗೆ ಹೆಮ್ಮೆ. ಅಲ್ಲಿಂದ ಮಂಗಳೂರಿಗೆ ಆಕಾಶದಲ್ಲಿ ಉಳಿಯುವುದು ಹದಿನೈದು ಕಿಲೋಮೀಟರಿನಷ್ಟು, ಎಂದರೆ ಒಂದು ನಿಮಿಷ! ಆದರೆ ಪನವೇಲ, ಖಾರಘರ, ಬೇಲಾಪುರದವರಿಗೆ ನೆಲದ ಮೇಲೆ ಉಳಿಯುವ ಹೊತ್ತು ಅದರ ಎಷ್ಟೋ ಪಾಲು. ಕಲ್ಯಾಣ, ಡೊಂಬಿವಲಿಯವರು ಎರಡೂ ದಾರಿಗಳನ್ನು ತೂಗಿನೋಡಿ ಹೊರಡಬೇಕು.

ಕೊನೆಯದಾಗಿ ತಮ್ಮಲ್ಲಿ ಎರಡು ವಿಜ್ಞಾಪನೆ. ಮನೆಬಾಗಿಲಿನಿಂದ ಊರಿನ ಬಾಗಿಲಿಗೆ ಎಷ್ಟು ಹೊತ್ತೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ; ಗಾಬರಿಯ ರಾತ್ರಿಯಲ್ಲಿ ಅದು ನೆರವಾಗುತ್ತದೆ. ಇನ್ನೊಂದು, ಒಂದೂವರೆ ಗಂಟೆಯ ಹಾದಿ ತಾನೇ, ಯಾವಾಗ ಬೇಕಾದರೂ ಹೋಗಬಹುದೆಂದು ಮುಂದೂಡಬೇಡಿ. ನಾವು ಹಾಗೆ ಎರಡು ವರ್ಷ ಮುಂದೂಡಿದ್ದೆವು. ಕರೆ ಬರುವ ಮೊದಲೇ ಒಮ್ಮೆ ಹೋಗಿಬನ್ನಿ.