ಪತ್ತನಾಜೆ ಕಳೆದ ಮೇಲೆ ಒಂದು ಕಲಾಪತ್ರಿಕೆ

ದುಬೈ, ಬಹರೈನ್, ಲಂಡನ್, ನ್ಯೂಜೆರ್ಸಿ ಎಂದು ಹರಡಿಕೊಂಡಿರುವ ನಮ್ಮ ಯಕ್ಷಗಾನ, ಭರತನಾಟ್ಯ, ಸಂಗೀತದ ಮಂದಿಗಾಗಿ ಉಡುಪಿಯಲ್ಲಿ ಕೂತು ಒಂದು ಪತ್ರಿಕೆ ತರಬೇಕು ಅಂದುಕೊಳ್ಳಿ. ಅದರಲ್ಲಿ ಏನಿರಬೇಕು, ಯಾವಾಗ ಬರಬೇಕು, ಯಾರು ಬರೀಬೇಕು? ಇವತ್ತು ಅದನ್ನೇ ಮಾತಾಡೋಣ.

ಊರು ಬಿಟ್ಟವರ ಪತ್ರಿಕೆ ನಮಗೆ ಹೊಸದಲ್ಲ. ಕಾಪು, ಮಲ್ಪೆ, ಕಾರ್ಕಳದ ಕಡೆಯವರು ಮುಂಬೈಗೆ ಹೋದರು, ಸಂಘ ಕಟ್ಟಿದರು, ಸಂಘದ ಹಿಂದೆಯೇ ಪತ್ರಿಕೆಯೂ ಬಂತು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಗೆ ‘ಮೊಗವೀರ’, ಅಲ್ಲೇ ಮೈಸೂರಿನ ಕಡೆಯವರ 1926ರ ಮೈಸೂರು ಅಸೋಸಿಯೇಷನ್‌ಗೆ ‘ನೇಸರು’. 1980ರ ದಶಕದಲ್ಲಿ ಶಿಕಾರಿಪುರದ ಹರಿಹರೇಶ್ವರ ಅವರು ಅಮೆರಿಕದಿಂದ ‘ಅಮೆರಿಕನ್ನಡ’ ತಂದರು. ಅಚ್ಚಿನ ಅನುಭವಕ್ಕೂ ಇಲ್ಲಿ ಕೊರತೆಯಿಲ್ಲ. ಮಣಿಪಾಲದಿಂದ 1970ರಲ್ಲಿ ‘ಉದಯವಾಣಿ’ ಶುರುವಾಯಿತು, 1983ರಲ್ಲಿ ಸಂತೋಷಕುಮಾರ ಗುಲ್ವಾಡಿಯವರ ಸಂಪಾದಕತ್ವದಲ್ಲಿ ‘ತರಂಗ’ ಬಂತು.

ಅದೇ 1983ರ ಅಕ್ಟೋಬರ್‌ನಲ್ಲಿ ಚೆನ್ನೈನಲ್ಲಿ ‘ಶ್ರುತಿ’ ಹೊರಟಿತು. ಇಡೀ ಪತ್ರಿಕೆ ಸಂಗೀತ, ನೃತ್ಯಕ್ಕೇ ಮೀಸಲು. ಶುರು ಮಾಡಿದ ಎನ್. ಪಟ್ಟಾಭಿರಾಮನ್ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿ ಊರಿಗೆ ಮರಳಿದವರು. ದೂರದಲ್ಲಿದ್ದು ಕಲೆಯನ್ನು ಪ್ರೀತಿಸಿದವರಿಗೆ ಏನು ಬೇಕಾಗುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು ಅಂತ ನನಗನ್ನಿಸುತ್ತದೆ. ಕಛೇರಿಯ ವರದಿ ಬೇಕು, ಅದಕ್ಕಿಂತ ಹೆಚ್ಚಾಗಿ ಆ ಕಛೇರಿ ಹೇಗಿತ್ತು ಅಂತ ನೇರವಾಗಿ ಹೇಳುವವರು ಬೇಕು.

ಇನ್ನು ಯಕ್ಷಗಾನಕ್ಕೆ ಬನ್ನಿ. ನಮ್ಮ ಪತ್ರಿಕೆಯ ವರ್ಷ ಜನವರಿಯಿಂದ ಡಿಸೆಂಬರ್ ಅಂತ ಓಡಬಾರದು. ದೀಪಾವಳಿ ಕಳೆದ ಮೇಲೆ ಮೇಳಗಳು ಒಂದೊಂದಾಗಿ ತಿರುಗಾಟಕ್ಕೆ ಹೊರಡುತ್ತವೆ. ತುಳುವಿನ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ ಕೊನೆಯ ವಾರದಲ್ಲಿ, ಪತ್ತನಾಜೆ. ಗೆಜ್ಜೆ ಬಿಚ್ಚುವ ದಿನ. ಆಮೇಲೆ ಮಳೆ. ಊರಿನಲ್ಲಿ ಬಯಲಾಟ ನಿಂತ ಆ ತಿಂಗಳುಗಳಲ್ಲೇ ಕಲಾವಿದರು ಮುಂಬೈಗೆ, ಬೆಂಗಳೂರಿಗೆ, ವಿದೇಶಕ್ಕೆ ಹೋಗುತ್ತಾರೆ. ಊರಿಗೆ ಬಿಡುವು ಇದ್ದಾಗ ಹೊರನಾಡಿಗೆ ಹಬ್ಬ. ಹಾಗಾಗಿ ತಿರುಗಾಟದ ಸಂಚಿಕೆಗಳು ಇಲ್ಲಿಯ ಸುದ್ದಿಯನ್ನು ಅಲ್ಲಿಗೆ ಮುಟ್ಟಿಸಬೇಕು, ಮಳೆಗಾಲದ ಸಂಚಿಕೆಗಳು ಅಲ್ಲಿಯ ಆಟವನ್ನು ಇಲ್ಲಿಗೆ ತರಬೇಕು. ಈ ಎರಡನೆಯ ಕೆಲಸ ತೀರಾ ಕಡಿಮೆ ಆಗಿದೆ.

ಹೊರನಾಡಿನ ಆಟ ಅಂದರೆ ಏನು? ಸಭಾಂಗಣ, ಶನಿವಾರ ಅಥವಾ ಭಾನುವಾರ, ಎರಡೂವರೆ ಮೂರು ಗಂಟೆಯ ಕಾಲಮಿತಿ. ಭಾಗವತರು, ಮದ್ದಳೆಯವರು ಊರಿನಿಂದ ಬಂದ ಅತಿಥಿಗಳು, ಮುಮ್ಮೇಳದಲ್ಲಿ ಅಲ್ಲೇ ಹುಟ್ಟಿ ಬೆಳೆದ ಮಕ್ಕಳು. ಇಡೀ ರಾತ್ರಿಯ ಪ್ರಸಂಗವನ್ನು ಮೂರು ಗಂಟೆಗೆ ಇಳಿಸುವಾಗ ಏನು ಹೋಯಿತು? ಪೂರ್ವರಂಗ ಹೋಯಿತೇ, ಒಡ್ಡೋಲಗ ಮೊಟಕಾಯಿತೇ, ಅರ್ಥಗಾರಿಕೆ ಬಾಯಿಪಾಠದ ನಾಲ್ಕು ವಾಕ್ಯಕ್ಕೆ ಬಂತೇ? ಇದನ್ನು ಯಾರೂ ಬರೆಯುವುದಿಲ್ಲ. ಬರೆಯುವುದು ಸಭಾ ಕಾರ್ಯಕ್ರಮವನ್ನು. ಯಾರು ದೀಪ ಬೆಳಗಿದರು, ಯಾರಿಗೆ ಶಾಲು ಹೊದಿಸಿದರು, ಸ್ಮರಣಿಕೆ ಕೊಟ್ಟವರು ಯಾರು. ಆ ಫೋಟೋ ಸಂಜೆಯೊಳಗೆ ವಾಟ್ಸ್ಆ್ಯಪ್‌ನಲ್ಲಿ ಬಂದಿರುತ್ತದೆ ಮಾರಾಯ್ರೇ, ಅದಕ್ಕೆ ಪತ್ರಿಕೆ ಯಾಕೆ?

ಮಗು ನಾಲ್ಕು ವರ್ಷ ತಾಳ ಕಲಿತು ಅಭಿಮನ್ಯುವಿನ ವೇಷ ಹಾಕಿದೆ ಅಂದಮೇಲೆ ಆ ಮಗುವಿಗೆ ಚಪ್ಪಾಳೆಯ ಜೊತೆ ಒಂದು ಪ್ಯಾರಾ ವಿಮರ್ಶೆಯೂ ಸಲ್ಲಬೇಕು. ಹೆಜ್ಜೆ ಎಲ್ಲಿ ಚೆನ್ನಾಗಿತ್ತು, ಪದ ಮುಗಿಯುವ ಮೊದಲೇ ಮಾತಿಗೆ ಯಾಕೆ ಇಳಿಯಿತು ಅಂತ ಪ್ರೀತಿಯಿಂದ, ಬಲ್ಲವರು ಬರೆಯಬೇಕು. ಭರತನಾಟ್ಯದ ರಂಗಪ್ರವೇಶಕ್ಕೂ ಇದೇ ಮಾತು. ಬರೀ ಹೊಗಳಿಕೆ ಸಿಕ್ಕವರಿಗೆ ಮುಂದೆ ಏನು ಕಲಿಯಬೇಕು ಅನ್ನುವುದೇ ತಿಳಿಯುವುದಿಲ್ಲ.

ಬರೆಯುವವರನ್ನು ಎಲ್ಲಿಂದ ತರುವುದು? ಇಲ್ಲೇ ಇದ್ದಾರೆ. ಎಂಜಿಎಂ ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಶುರುವಾದ ಯಕ್ಷಗಾನ ಕೇಂದ್ರವಿದೆ, 1975ರಿಂದ ಯಕ್ಷಗಾನ ಕಲಾರಂಗವಿದೆ. ಹೊರಗಿನವರು ಬಂದು ಬರೆದ ಉದಾಹರಣೆಯೂ ಇದೆ. ಅಮೆರಿಕದ ಮಾರ್ಥಾ ಆಷ್ಟನ್ ಹಿರಿಯಡಕ ಗೋಪಾಲರಾಯರ ಬಳಿ ಬಡಗುತಿಟ್ಟು ಕಲಿತು, ಬ್ರೂಸ್ ಕ್ರಿಸ್ಟಿ ಜೊತೆ 1977ರಲ್ಲಿ ಇಂಗ್ಲಿಷ್‌ನಲ್ಲಿ ಯಕ್ಷಗಾನದ ಬಗ್ಗೆ ಪುಸ್ತಕವನ್ನೇ ತಂದರು. ಅದಕ್ಕೂ ಹಿಂದೆ ಹೋದರೆ ಕಾರ್ಕಳದ ನಂದಳಿಕೆಯ ಮುದ್ದಣ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕ, ಯಕ್ಷಗಾನ ಪ್ರಸಂಗ ಬರೆದವ. ಅವನ ಕಾವ್ಯ ನಾಡಿಗೆ ಕಾಣಿಸಿದ್ದು ದೂರದ ಮೈಸೂರಿನ ‘ಕಾವ್ಯಮಂಜರಿ’, ‘ಕಾವ್ಯಕಲಾನಿಧಿ’ಗಳಲ್ಲಿ. ಎಲ್ಲೋ ದೂರದ ಸಂಪಾದಕರು ಜಾಗ ಕೊಟ್ಟರು, ನಮಗೆ ಮುದ್ದಣ ಸಿಕ್ಕಿದ.

ಕಾಪುವಿನ ವಿಷಯದಲ್ಲಿ ಮಾತ್ರ ಸಂಪಾದಕರು ಜಾಗ್ರತೆಯಾಗಿರಬೇಕು. ಅಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಪಿಲಿಕೋಲವನ್ನು (ಹುಲಿ ದೈವದ ಕೋಲ) ‘ಜಾನಪದ ನೃತ್ಯ’ ಅಂತ ಶೀರ್ಷಿಕೆ ಕೊಟ್ಟು ಚಿತ್ರ ಹಾಕಿದರೆ ಅದು ತಪ್ಪು. ಅದು ಆರಾಧನೆ. ಅಷ್ಟಮಿಯ ಹುಲಿವೇಷ ಬೇರೆ, ಅದರ ತಾಸೆಯ ಪೆಟ್ಟು, ಬಣ್ಣ, ಕುಣಿತವನ್ನು ಧಾರಾಳವಾಗಿ ವಿಮರ್ಶೆ ಮಾಡಬಹುದು. ಹೊರದೇಶದ ವೇದಿಕೆಗೆ ಯಾವುದನ್ನು ಒಯ್ಯಬಹುದು, ಯಾವುದನ್ನು ಒಯ್ಯಬಾರದು ಅನ್ನುವ ಚರ್ಚೆಗೆ ಈ ಪತ್ರಿಕೆಯೇ ಸರಿಯಾದ ಜಾಗ.

ವ್ಯವಹಾರದ ಮಾತು ಎರಡೇ. ಅಚ್ಚಿನ ನಿಯತಕಾಲಿಕಕ್ಕೆ ನೋಂದಣಿ ಬೇಕು. 1867ರ ಹಳೆಯ ಕಾಯ್ದೆ ಹೋಗಿ 2023ರ ಹೊಸದು ಬಂದ ಮೇಲೆ ಅರ್ಜಿ ಆನ್‌ಲೈನ್ ಆಗಿದೆ. ವಿದೇಶದ ಅಂಚೆವೆಚ್ಚ ಪ್ರತಿಯ ಬೆಲೆಯನ್ನೇ ಮೀರಬಹುದು. ಅದಕ್ಕೇ ನನ್ನ ಸಲಹೆ: ತಿಂಗಳ ಸಂಚಿಕೆ ಡಿಜಿಟಲ್ ಇರಲಿ, ವರ್ಷಕ್ಕೊಂದು ದಪ್ಪ ಸಂಚಿಕೆ ಅಚ್ಚಾಗಲಿ, ಪತ್ತನಾಜೆಗೆ. ಬರಹಗಾರರಿಗೆ ಗೌರವಧನ ಕೊಡಲೇಬೇಕು. ಜಾಹೀರಾತು ಕೊಟ್ಟವರ ಕಾರ್ಯಕ್ರಮಕ್ಕೂ ವಿಮರ್ಶೆ ಇರುತ್ತದೆ ಅಂತ ಮೊದಲ ದಿನವೇ ಹೇಳಿಬಿಡಬೇಕು.

ನೀವು ಹೊರನಾಡಿನಲ್ಲಿ ಇದ್ದರೆ ಒಂದು ಕೆಲಸ ಮಾಡಿ. ಮನೆಯಲ್ಲಿ ಹಳೆಯ ಆಟದ ಕರಪತ್ರ, ಕ್ಯಾಸೆಟ್, ಫೋಟೋ ಇದ್ದರೆ ತೆಗೆಯಿರಿ. ಹಿಂಬದಿಯಲ್ಲಿ ಊರು, ತಾರೀಕು, ಪ್ರಸಂಗ, ಹಿಮ್ಮೇಳದಲ್ಲಿ ಯಾರಿದ್ದರು ಅಂತ ಈಗಲೇ ಬರೆದಿಡಿ. ಮೊದಲ ಸಂಚಿಕೆಗೆ ಅದು ಬೇಕು.